ಕರಾವಳಿ ಮನೆಗೆ ಎಂಥ ನೆಲಹಾಸು? ಬಣ್ಣಕ್ಕಿಂತ ಮೊದಲು ನಾರು

ಕರಾವಳಿ ಶೈಲಿಯ ಮನೆ ಬೇರೆ, ಕರಾವಳಿಯ ಮನೆ ಬೇರೆ. ಗೃಹಾಲಂಕಾರ ವಸ್ತುಗಳ ವ್ಯಾಪಾರದಲ್ಲಿ ತೊಡಗಿರುವವರು ಈ ಎರಡರ ಅಂತರವನ್ನು ಮರೆತರೆ ಅದರ ಬೆಲೆಯನ್ನು ಮಳೆಗಾಲದಲ್ಲಿ ತೆರಬೇಕಾಗುತ್ತದೆ. ಮೊದಲನೆಯದು ಒಂದು ನೋಟ. ಬಿಳಿಯ ಗೋಡೆ, ಮರಳಿನ ಬಣ್ಣದ ಆಸನ, ಕಡಲ ನೀಲಿಯ ಪರದೆ, ನೆಲದ ಮೇಲೆ ಸೆಣಬಿನದೋ ಕತ್ತಾಳೆ ನಾರಿನದೋ ಒರಟು ನೇಯ್ಗೆಯ ಹಾಸು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿರುವ ಹ್ಯಾಂಪ್ಟನ್ಸ್ ಪ್ರದೇಶದ ಬೇಸಿಗೆ ಮನೆಗಳಿಂದ ಹೆಸರು ಪಡೆದ ಈ ನೋಟ ಇಂದು ಬೆಂಗಳೂರಿನ ಹತ್ತನೆಯ ಅಂತಸ್ತಿನ ಫ್ಲ್ಯಾಟಿನಲ್ಲೂ ಕಾಣಸಿಗುತ್ತದೆ.

ಎರಡನೆಯದು ವಾಸ್ತವ. ಕಾರವಾರದಿಂದ ಉಳ್ಳಾಲದವರೆಗೆ ಹಬ್ಬಿರುವ ಉತ್ತರ ಕನ್ನಡ, ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳ ಕಡಲತಡಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಅಧಿಕ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಆರ್ದ್ರತೆ ಶೇ. 80ರಿಂದ 90ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗದ, ಚರ್ಮದ ಚೀಲಕ್ಕೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಈ ವಾತಾವರಣದಲ್ಲಿ ನೆಲಹಾಸು ಬದುಕಬೇಕು.

ವಿಪರ್ಯಾಸವೆಂದರೆ, ಕರಾವಳಿ ಶೈಲಿಯ ಹೆಸರಿನಲ್ಲಿ ಅತಿ ಹೆಚ್ಚು ಬಿಕರಿಯಾಗುವ ಸೆಣಬಿನ ಹಾಸು ನಮ್ಮ ಕರಾವಳಿಯ ಮನೆಗೆ ಅತಿ ಕಡಿಮೆ ಹೊಂದುವ ವಸ್ತುಗಳಲ್ಲಿ ಒಂದು. ಡಿಸೆಂಬರ್‌ನಲ್ಲಿ ಮೆಚ್ಚಿ ಕೊಂಡೊಯ್ದ ಗ್ರಾಹಕ ಜುಲೈ ತಿಂಗಳಿನಲ್ಲಿ ಕಪ್ಪು ಚುಕ್ಕೆ ಬಿದ್ದು ವಾಸನೆ ಹೊಡೆಯುವ ಹಾಸನ್ನು ಸುತ್ತಿಕೊಂಡು ಅಂಗಡಿಗೆ ಮರಳುತ್ತಾನೆ. ಮೂರು ಸಾವಿರ ರೂಪಾಯಿಗೆ ಖರೀದಿಸಿದ ಹಾಸನ್ನು ನಾಲ್ಕು ಸಾವಿರಕ್ಕೆ ಮಾರಿದ ವರ್ತಕನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅವನ ಲಾಭ ಒಂದು ಸಾವಿರ. ಹಾಳಾಗಿ ಮರಳಿದ ಒಂದು ಹಾಸಿಗೆ ಪೂರ್ತಿ ಹಣ ಹಿಂದಿರುಗಿಸಬೇಕಾಗಿ ಬಂದರೆ ಬೇರೆ ಮೂರು ಹಾಸುಗಳ ಲಾಭ ಅದರೊಂದಿಗೆ ಕೊಚ್ಚಿಹೋಗುತ್ತದೆ. ಕೆಟ್ಟ ಹೆಸರಿನ ಲೆಕ್ಕ ಬೇರೆಯೇ ಇದೆ. ಆದ್ದರಿಂದ ಯಾವ ನೆಲಹಾಸು ಯಾವ ಮನೆಗೆ ಎಂಬುದು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯದೆ ವ್ಯಾಪಾರದ ಪ್ರಶ್ನೆಯೂ ಆಗಿದೆ.

ತೇವದ ಲೆಕ್ಕ

ಪ್ರತಿಯೊಂದು ನಾರೂ ಗಾಳಿಯಿಂದ ತೇವವನ್ನು ಹೀರುತ್ತದೆ. ಹೀರುವ ಪ್ರಮಾಣ ಮಾತ್ರ ಬೇರೆ ಬೇರೆ. ಜವಳಿ ವ್ಯವಹಾರದಲ್ಲಿ ಸ್ವೀಕೃತವಾಗಿರುವ ಪ್ರಮಾಣದಂತೆ, ಸಾಧಾರಣ ಹವೆಯಲ್ಲಿ ಪೂರ್ತಿ ಒಣಗಿದ 100 ಕಿಲೋ ಹತ್ತಿ ಸುಮಾರು 8.5 ಕಿಲೋ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಸೆಣಬಿನ ಪ್ರಮಾಣ 13.75 ಕಿಲೋ. ಉಣ್ಣೆಯದು ಇದಕ್ಕಿಂತಲೂ ಹೆಚ್ಚು. ಪಾಲಿಯೆಸ್ಟರ್ ಅರ್ಧ ಕಿಲೋ ಕೂಡ ಹೀರುವುದಿಲ್ಲ, ಪಾಲಿಪ್ರೊಪಿಲೀನ್ ಬಹುತೇಕ ಏನನ್ನೂ ಹೀರುವುದಿಲ್ಲ. ಇದು ಶೇ. 65ರಷ್ಟು ಆರ್ದ್ರತೆಯಿರುವಾಗಿನ ಮಾತು. ಆರ್ದ್ರತೆ ಶೇ. 90ಕ್ಕೆ ಏರಿದಾಗ ಸೆಣಬಿನೊಳಗಿನ ತೇವ ಶೇ. 20ನ್ನೂ ಮೀರುತ್ತದೆ. ಮುಟ್ಟಿದರೆ ಒಣಗಿದಂತೆಯೇ ಕಾಣುವ ಹಾಸಿನ ಒಡಲಲ್ಲಿ ಇಷ್ಟು ನೀರು ಅಡಗಿರುತ್ತದೆ. ಬೂಷ್ಟಿಗೆ ಬೇಕಾದದ್ದು ಅಷ್ಟೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಬೂಷ್ಟು ತಡೆಯಲು ಮನೆಯೊಳಗಿನ ಆರ್ದ್ರತೆಯನ್ನು ಶೇ. 60ಕ್ಕಿಂತ ಕೆಳಗಿಡುವಂತೆ ಸಲಹೆ ನೀಡುತ್ತದೆ. ಕಿಟಕಿ ತೆರೆದಿಟ್ಟು ಬದುಕುವ ನಮ್ಮ ಕರಾವಳಿ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಇದು ಅಸಾಧ್ಯವೆಂದೇ ಹೇಳಬೇಕು.

ಹೀರುವ ನೀರಿನ ಪ್ರಮಾಣವೊಂದೇ ನಾರಿನ ಆಯುಸ್ಸನ್ನು ನಿರ್ಧರಿಸುವುದಿಲ್ಲ. ಸಸ್ಯಜನ್ಯ ನಾರುಗಳಲ್ಲಿ ಸೆಲ್ಯುಲೋಸ್ ಹಾಗೂ ಲಿಗ್ನಿನ್ ಎಂಬ ಎರಡು ಮುಖ್ಯ ಘಟಕಗಳಿವೆ. ಸೆಲ್ಯುಲೋಸ್ ಸೂಕ್ಷ್ಮಜೀವಿಗಳಿಗೆ ಆಹಾರ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸುಲಭವಾಗಿ ಕೊಳೆಯುವುದಿಲ್ಲ. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ. 40ಕ್ಕೂ ಮಿಗಿಲು. ಸೆಣಬಿನಲ್ಲಿ ಅದು ಶೇ. 12ರ ಆಸುಪಾಸು. ಹತ್ತಿಯಲ್ಲಿ ಇಲ್ಲವೆಂದರೂ ನಡೆಯುತ್ತದೆ. ಹಡಗಿನ ಹಗ್ಗಕ್ಕೂ ದೋಣಿಯ ಹಲಗೆಗಳನ್ನು ಹೊಲಿಯುವುದಕ್ಕೂ ಅರಬ್ಬೀ ಸಮುದ್ರದ ಜನ ಶತಮಾನಗಳ ಕಾಲ ತೆಂಗಿನ ನಾರನ್ನೇ ನೆಚ್ಚಿಕೊಂಡಿದ್ದಕ್ಕೆ ಕಾರಣ ಇಲ್ಲಿದೆ. ಉಪ್ಪುನೀರಿಗೆ ಅಂಜದ ನಾರು ಅದು.

ತೆಂಗಿನ ನಾರು: ಜಗಲಿಗೆ ಸರಿ, ಮಲಗುವ ಕೋಣೆಗಲ್ಲ

ಭಾರತದಲ್ಲಿ ತೆಂಗಿನ ನಾರಿನ ನೇಯ್ಗೆಯು ಕಾರ್ಖಾನೆಯ ರೂಪ ಪಡೆದದ್ದು ಕೇರಳದ ಅಲಪ್ಪುಳದಲ್ಲಿ, 1859ರಲ್ಲಿ ಜೇಮ್ಸ್ ಡರಾ ಸ್ಥಾಪಿಸಿದ ಉದ್ಯಮದೊಂದಿಗೆ. ಸ್ವಾತಂತ್ರ್ಯಾನಂತರ 1953ರ ಕಾಯಿದೆಯನ್ವಯ ರಚನೆಯಾದ ನಾರು ಮಂಡಳಿಯ ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ. ವ್ಯಾಪಾರದಲ್ಲಿ ಈ ನಾರಿಗೆ ಎರಡು ವರ್ಗಗಳಿವೆ. ಬಲಿತಿದ್ದರೂ ಇನ್ನೂ ಹಸಿರಾಗಿರುವ ಕಾಯಿಯ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು ತೆಗೆಯುವುದು ಬಿಳಿ ನಾರು. ಇದು ನಯವಾಗಿದ್ದು ಹುರಿಗೂ ನೇಯ್ಗೆಗೂ ಒದಗುತ್ತದೆ. ಚೆನ್ನಾಗಿ ಮಾಗಿದ ಕಾಯಿಯ ಒಣ ಸಿಪ್ಪೆಯಿಂದ ಯಂತ್ರದ ಮೂಲಕ ತೆಗೆಯುವುದು ಕಂದು ನಾರು. ಇದು ಒರಟು, ಹಗ್ಗ, ಹಾಸಿಗೆ, ಬ್ರಷ್ ಹಾಗೂ ಕಾಲೊರಸುಗಳಿಗೆ ಉಪಯುಕ್ತ. ಕೊಬ್ಬರಿಗೆ ಹೆಸರಾದ ನಮ್ಮ ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಕಾಯಿ ಪೂರ್ತಿ ಮಾಗಿದ ಮೇಲೆಯೇ ಸಿಪ್ಪೆ ದೊರೆಯುವುದರಿಂದ ಇಲ್ಲಿನ ಘಟಕಗಳಲ್ಲಿ ಕಂದು ನಾರೇ ಪ್ರಧಾನ.

ಕರಾವಳಿಯ ಮನೆಯ ಹೊಸಿಲು, ಜಗಲಿ, ಮಹಡಿಯ ಮೊಗಸಾಲೆಗಳಿಗೆ ತೆಂಗಿನ ನಾರಿನ ಹಾಸಿಗಿಂತ ಮಿಗಿಲಾದುದಿಲ್ಲ. ಮಳೆಯ ಇರಚಲು ಬಿದ್ದರೂ ಬಿಸಿಲು ಕಂಡೊಡನೆ ಒಣಗುತ್ತದೆ. ಪಾದಕ್ಕಂಟಿದ ಮರಳನ್ನು ಉಜ್ಜಿ ತನ್ನೊಳಗೆ ಇಳಿಸಿಕೊಳ್ಳುತ್ತದೆ. ಆದಾಗ್ಯೂ ಇದರ ಮಿತಿಯನ್ನು ಗ್ರಾಹಕನಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು ಲೇಸು. ನಮ್ಮಲ್ಲಿ ಚಪ್ಪಲಿ ಹೊಸಿಲಿನಾಚೆ ಉಳಿಯುತ್ತದೆ; ಒಳಗೆ ಎಲ್ಲರೂ ಬರಿಗಾಲಿನಲ್ಲಿ ನಡೆಯುತ್ತಾರೆ, ನೆಲದ ಮೇಲೆಯೇ ಕೂರುತ್ತಾರೆ, ಎಳೆಯ ಮಕ್ಕಳು ಅಂಬೆಗಾಲಿಡುತ್ತಾರೆ. ಮೊಣಕಾಲಿಗೆ ಚುಚ್ಚುವ ಒರಟು ನಾರು ಎಷ್ಟೇ ಬಾಳಿಕೆ ಬಂದರೂ ಮಲಗುವ ಕೋಣೆಗೆ ಸಲ್ಲದು. ಪಾದರಕ್ಷೆ ಧರಿಸಿಯೇ ಮನೆಯೊಳಗೆ ಓಡಾಡುವ ದೇಶಗಳಿಗಾಗಿ ರೂಪಿಸಿದ ವಿನ್ಯಾಸಗಳನ್ನು ಇಲ್ಲಿಗೆ ತರುವಾಗ ಈ ಒಂದು ಸಂಗತಿ ಬಹುಮಟ್ಟಿಗೆ ಮರೆತುಹೋಗುತ್ತದೆ.

ಸೆಣಬು ಮತ್ತು ಕತ್ತಾಳೆ: ಎಲ್ಲಿ ಮಾರಬೇಕು, ಎಲ್ಲಿ ಬೇಡವೆನ್ನಬೇಕು

ಬಂಗಾಳದ ಸೆಣಬು ಮೃದುವಾದ, ಹೊಂಬಣ್ಣದ, ಕಡಿಮೆ ಬೆಲೆಯ ನಾರು. ಅದರ ಹಾಸು ಬರಿಗಾಲಿಗೆ ಹಿತ, ನೋಟಕ್ಕೆ ಚಂದ. ದೋಷವಿರುವುದು ನೀರಿನೊಂದಿಗಿನ ಅದರ ಸಂಬಂಧದಲ್ಲಿ. ಒಂದು ಲೋಟ ನೀರು ಚೆಲ್ಲಿದರೂ ನಾರಿನೊಳಗಿನ ಕಂದು ಬಣ್ಣ ಮೇಲೆ ಬಂದು ಅಳಿಸಲಾಗದ ಕಲೆ ಉಳಿಯುತ್ತದೆ. ಒಗೆದರೆ ಆಕಾರ ಕೆಡುತ್ತದೆ. ಬಹುಕಾಲ ತೇವದಲ್ಲಿದ್ದರೆ ನಾರು ಬಲಗುಂದಿ ಪುಡಿಯುದುರುತ್ತದೆ. ಸೈಸಲ್ ಎಂದು ಮಾರುಕಟ್ಟೆಯಲ್ಲಿ ಹೆಸರಾಗಿರುವುದು ಕತ್ತಾಳೆ ಜಾತಿಯ ಗಿಡದ ಎಲೆಯ ನಾರು. ಮೆಕ್ಸಿಕೋದ ಯೂಕಟಾನ್ ತೀರದ ಸೈಸಲ್ ಬಂದರಿನಿಂದ ರಫ್ತಾಗುತ್ತಿದ್ದ ಕಾರಣ ಆ ಹೆಸರು ಬಂದಿತು. ಇದು ಸೆಣಬಿಗಿಂತ ಗಟ್ಟಿ, ತುಳಿತಕ್ಕೆ ಜಗ್ಗದು. ನೀರಿನ ಕಲೆಯ ವಿಷಯದಲ್ಲಿ ಮಾತ್ರ ಸೆಣಬಿನ ಸೋದರನೇ ಸರಿ.

ಹಾಗೆಂದು ಇವುಗಳ ವ್ಯಾಪಾರವನ್ನೇ ಬಿಡಬೇಕೆಂದಿಲ್ಲ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನಂಥ ಒಣ ಹವೆಯ ಊರುಗಳಲ್ಲಿ ಸಮುದ್ರದ ನೋಟವನ್ನು ಬಯಸುವ ಗ್ರಾಹಕನಿಗೆ ಸೆಣಬಿನ ಹಾಸು ಸರಿಯಾದ ಆಯ್ಕೆ. ಕರಾವಳಿಯಲ್ಲೂ ಸದಾ ಹವಾನಿಯಂತ್ರಣವಿರುವ ಕೋಣೆಗೆ ಕೊಡಬಹುದು, ಏಕೆಂದರೆ ಆ ಯಂತ್ರ ಗಾಳಿಯ ತೇವವನ್ನೂ ತೆಗೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬೀಗ ಹಾಕಿರುವ ಬೇಸಿಗೆ ಮನೆ, ಪ್ರವಾಸಿಗರಿಲ್ಲದೆ ಮುಚ್ಚಿರುವ ತಂಗುಮನೆ, ಸ್ನಾನದ ಮನೆಗೆ ತಗಲಿದ ಕೋಣೆ — ಈ ಮೂರಕ್ಕೆ ಮಾತ್ರ ಸೆಣಬು ಬೇಡವೆಂದು ವರ್ತಕನೇ ಮುಂದಾಗಿ ಹೇಳಬೇಕು. ಆ ದಿನ ಕೈತಪ್ಪಿದ ಒಂದು ಮಾರಾಟ ಮುಂದಿನ ಹತ್ತು ಮಾರಾಟಗಳ ನಂಬಿಕೆಯನ್ನು ಗಳಿಸಿಕೊಡುತ್ತದೆ.

ರೇಷ್ಮೆಯ ಹೊಳಪಿನ ವಿಸ್ಕೋಸ್ ಹಾಸಿನ ಬಗೆಗೂ ಒಂದು ಎಚ್ಚರಿಕೆಯ ಮಾತು ಅಗತ್ಯ. ಒದ್ದೆಯಾದಾಗ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುವ ಈ ನೂಲು ಕಡಲತಡಿಯ ಮನೆಗೆ ಯಾವ ಬೆಲೆಗೂ ದುಬಾರಿಯೇ.

ಹತ್ತಿಯ ಜಮಖಾನ: ಒಗೆಯಬಹುದಾದ ಹಾಸು

ಹತ್ತಿಗೆ ಬೂಷ್ಟು ಹಿಡಿಯದೆಂದಲ್ಲ. ಆದರೆ ಹತ್ತಿಯನ್ನು ಒಗೆಯಬಹುದು. ಒದ್ದೆಯಾದಾಗ ಬಲ ಕುಂದುವ ಬದಲು ಹೆಚ್ಚುವುದು ಹತ್ತಿಯ ಒಂದು ವಿಶೇಷ ಗುಣ. ಆದ್ದರಿಂದಲೇ ಅದು ಪದೇ ಪದೇ ಒಗೆತವನ್ನು ತಾಳಿಕೊಳ್ಳುತ್ತದೆ. ಮೇಲೆದ್ದ ಎಳೆಗಳಿಲ್ಲದ ಸಪಾಟು ನೇಯ್ಗೆಯಾದ್ದರಿಂದ ಜಮಖಾನದಲ್ಲಿ ಮರಳು ಸಿಕ್ಕಿಕೊಳ್ಳುವುದು ಕಡಿಮೆ; ಕೊಡವಿದರೆ ಉದುರಿಹೋಗುತ್ತದೆ. ಎರಡೂ ಮಗ್ಗುಲನ್ನು ಬಳಸಬಹುದಾದ ಅನುಕೂಲವೂ ಇದೆ.

ಈ ವಿಷಯದಲ್ಲಿ ಕರ್ನಾಟಕದ ವರ್ತಕರು ದೂರ ಹುಡುಕಬೇಕಾಗಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಉತ್ಪನ್ನ. ಬಿಜಾಪುರದ ಆದಿಲಶಾಹಿ ಕಾಲದಲ್ಲಿ ಅಲ್ಲಿಂದ ಬಂದು ನೆಲೆಸಿದ ನೇಕಾರ ಕುಟುಂಬಗಳ ಪರಂಪರೆ ಇದೆಂದು ಹೇಳಲಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೇಯುವವರು ಹೆಣ್ಣುಮಕ್ಕಳು. ನವಿಲು, ಪಗಡೆ ಹಾಸು ಮೊದಲಾದ ವಿನ್ಯಾಸಗಳು ಇದರ ಗುರುತು. ನೇಯುವ ಕೈಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಕಳವಳದ ಸಂಗತಿ. ಕೆಂಪು, ಹಳದಿ, ಹಸಿರುಗಳ ಗಾಢ ಮೇಳ ಹ್ಯಾಂಪ್ಟನ್ಸ್ ನೋಟಕ್ಕೆ ಒಗ್ಗುವುದಿಲ್ಲವೆಂದು ಅಲಂಕಾರ ತಜ್ಞರು ಹೇಳಬಹುದು. ಆದರೆ ಬಿಳಿಯ ಗೋಡೆ, ಕೆಂಪು ಗಾರೆಯ ನೆಲ, ಮಂಗಳೂರು ಹೆಂಚಿನ ಸೂರು ಇರುವ ನಮ್ಮ ಮನೆಗೆ ಅಂಥದೊಂದು ಜಮಖಾನ ಬಿದ್ದರೆ ಕೋಣೆಗೆ ಕಳೆ ಬರುತ್ತದೆ. ನೀಲಿ-ಬಿಳಿಯ ಬೇಡಿಕೆಯಿದ್ದರೆ ನೇಕಾರರಿಗೆ ಬಣ್ಣದ ಮಾದರಿ ಕೊಟ್ಟು, ಮುಂಗಡ ನೀಡಿ, ಸಾಕಷ್ಟು ಕಾಲಾವಕಾಶದೊಂದಿಗೆ ನೇಯಿಸಿಕೊಳ್ಳಲು ಯತ್ನಿಸಬಹುದು.

ಹತ್ತಿಯ ಹಾಸಿನಲ್ಲಿ ಗಾತ್ರವೇ ಎಚ್ಚರಿಕೆಯ ವಿಷಯ. ನೀರು ಕುಡಿದ 8 ಅಡಿ, 10 ಅಡಿಯ ದಪ್ಪ ಜಮಖಾನವನ್ನು ಇಬ್ಬರು ಎತ್ತಿ ಹಗ್ಗಕ್ಕೆ ಹಾಕುವುದೇ ಕಷ್ಟ. ಮಳೆಗಾಲದಲ್ಲಿ ಅದು ಒಣಗುವುದಂತೂ ದೂರದ ಮಾತು. ಒಂದು ದೊಡ್ಡ ಹಾಸಿನ ಬದಲು 4 ಅಡಿ, 6 ಅಡಿಯ ಎರಡನ್ನು ಕೊಳ್ಳುವಂತೆ ಸೂಚಿಸಿದರೆ ಗ್ರಾಹಕನಿಗೂ ಅನುಕೂಲ. ಒಂದನ್ನು ಒಗೆದಾಗ ಇನ್ನೊಂದು ನೆಲದಲ್ಲಿರುತ್ತದೆ.

ಕೃತಕ ನೂಲು: ಕೀಳೆಂದು ತಳ್ಳಬೇಕಿಲ್ಲ

ಪಾಣಿಪತ್ತಿನಿಂದ ಬರುವ ಪಾಲಿಪ್ರೊಪಿಲೀನ್ ಹಾಗೂ ಬಳಸಿ ಬಿಟ್ಟ ಬಾಟಲಿಗಳಿಂದ ತಯಾರಾದ ಪಾಲಿಯೆಸ್ಟರ್ ನೂಲಿನ ಹಾಸುಗಳು ತೇವವನ್ನು ಹೀರುವುದಿಲ್ಲ, ಕೊಳವೆಯ ನೀರು ಹಾಯಿಸಿ ತೊಳೆಯಬಹುದು. ತೆರೆದ ಜಗಲಿ, ಊಟದ ಮೇಜಿನ ಕೆಳಗೆ, ಪ್ರವಾಸಿಗರ ತಂಗುಮನೆ — ಇಲ್ಲೆಲ್ಲ ಇವುಗಳಿಗೆ ಸ್ಥಾನವಿದೆ. ನೇರ ಬಿಸಿಲು ಬೀಳುವಲ್ಲಿ ಪಾಲಿಯೆಸ್ಟರ್ ಮೇಲು. ರಕ್ಷಕ ದ್ರವ್ಯ ಬೆರೆಸದ ಪಾಲಿಪ್ರೊಪಿಲೀನ್ ಸೂರ್ಯನ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಪೆಡಸಾಗಿ ಮುರಿಯುತ್ತದೆ. ಖರೀದಿಯ ವೇಳೆ ಈ ಒಂದು ಪ್ರಶ್ನೆಯನ್ನು ಸರಬರಾಜುದಾರನಿಗೆ ಕೇಳಿ ಉತ್ತರವನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳುವುದು ಒಳಿತು.

ಸೆಣಬಿನಂತೆಯೇ ಕಾಣುವ ಪ್ಲಾಸ್ಟಿಕ್ ನೂಲಿನ ಹಾಸನ್ನು ಸೆಣಬೆಂದೇ ಮಾರುವ ಪ್ರಸಂಗಗಳೂ ಉಂಟು. ಇದಕ್ಕೆ ಸರಳ ಪರೀಕ್ಷೆಯಿದೆ. ಅಂಚಿನಿಂದ ಒಂದೆಳೆ ತೆಗೆದು ಉರಿಸಿದರೆ ಸೆಣಬು, ಹತ್ತಿ, ತೆಂಗಿನ ನಾರುಗಳು ಕಾಗದ ಸುಟ್ಟ ವಾಸನೆಯೊಂದಿಗೆ ಉರಿದು ಬೂದಿಯಾಗುತ್ತವೆ. ಕೃತಕ ನೂಲು ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕೃತಕವನ್ನು ಕೃತಕವೆಂದೇ ಹೇಳಿ ಮಾರುವುದರಲ್ಲಿ ಯಾವ ಕೊರತೆಯೂ ಇಲ್ಲ. ಕರಾವಳಿಯಲ್ಲಂತೂ ಅದು ಹೊಗಳಿಕೆಯೇ.

ನೀಲಿ ಬಣ್ಣದ ಪರೀಕ್ಷೆ

ಕರಾವಳಿ ಶೈಲಿಯ ಜೀವಾಳ ನೀಲಿ ಹಾಗೂ ಬಿಳಿ. ಈ ಎರಡು ಬಣ್ಣಗಳು ಒಂದೇ ಹಾಸಿನಲ್ಲಿ ಕೂಡಿದಾಗ ತಯಾರಕನ ಕೌಶಲ ಪರೀಕ್ಷೆಗೊಳಗಾಗುತ್ತದೆ. ಇಂಡಿಗೋ ನೀಲಿ ಉಜ್ಜಿದರೆ ಬಿಡುವ ಸ್ವಭಾವದ್ದು. ಅಗ್ಗದ ನೇರ ಬಣ್ಣಗಳು ನೀರಿಗೆ ಬಿಡುತ್ತವೆ. ಮೊದಲ ಒಗೆತದಲ್ಲೇ ಬಿಳಿಯ ಪಟ್ಟೆ ತಿಳಿನೀಲಿಯಾದರೆ ಆ ಹಾಸು ಯಾರಿಗೂ ಬೇಡ. ಹತ್ತಿಯ ಹಾಸಿಗೆ ರಿಯಾಕ್ಟಿವ್ ಬಣ್ಣ ಅಥವಾ ಉತ್ತಮ ವ್ಯಾಟ್ ಬಣ್ಣ ಬಳಸಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಪ್ರಯೋಗಾಲಯದ ವರದಿಯಲ್ಲಿ ಉಜ್ಜುವಿಕೆ ಹಾಗೂ ಒಗೆತದ ಅಂಕಗಳನ್ನು 1ರಿಂದ 5ರವರೆಗೆ, ಬೆಳಕಿಗೆ ಬಣ್ಣ ತಾಳುವ ಅಂಕವನ್ನು 1ರಿಂದ 8ರವರೆಗೆ ನೀಡಲಾಗುತ್ತದೆ. ಎರಡರಲ್ಲೂ ಅಂಕ ಹೆಚ್ಚಿದಷ್ಟು ಬಣ್ಣ ಗಟ್ಟಿ. ವರದಿಯಿಲ್ಲದ ಕಡೆ ಒದ್ದೆ ಬಿಳಿ ಬಟ್ಟೆಯಿಂದ ನೀಲಿಯ ಭಾಗವನ್ನು ಇಪ್ಪತ್ತು ಬಾರಿ ಉಜ್ಜಿ ನೋಡಿದರೂ ಸಾಕಷ್ಟು ತಿಳಿಯುತ್ತದೆ. ಕಡಲಿಗೆ ಮುಖ ಮಾಡಿದ ಪಡುವಣ ಕಿಟಕಿಯ ಬಿಸಿಲು ಬೀಳುವ ಜಾಗಕ್ಕೆ ಗಾಢ ನೀಲಿಗಿಂತ ಮರಳಿನ ಬಣ್ಣವೇ ಲೇಸು. ಮಾಸಿದರೂ ಎದ್ದು ಕಾಣುವುದಿಲ್ಲ.

ಅಳತೆಯ ಲೆಕ್ಕ

ಗ್ರಾಹಕರು ಸಾಮಾನ್ಯವಾಗಿ ಮಾಡುವ ತಪ್ಪು ಚಿಕ್ಕ ಹಾಸನ್ನು ಕೊಳ್ಳುವುದು. ಕೋಣೆಯ ನಡುವೆ ಅದು ನೀರಿನಲ್ಲಿ ತೇಲುವ ತೆಪ್ಪದಂತೆ ಕಾಣುತ್ತದೆ. ಗೋಡೆಯಿಂದ ಒಂದರಿಂದ ಎರಡು ಅಡಿ ನೆಲ ಬಿಟ್ಟು, ಆಸನಗಳ ಮುಂಗಾಲುಗಳಾದರೂ ಹಾಸಿನ ಮೇಲೆ ಬರುವಂತಿರಬೇಕೆಂಬುದು ಸಾಮಾನ್ಯ ನಿಯಮ. 12 ಅಡಿ, 14 ಅಡಿಯ ಹಜಾರಕ್ಕೆ 8 ಅಡಿ, 10 ಅಡಿಯ ಹಾಸು ಹಾಕಿದರೆ ನಾಲ್ಕೂ ಕಡೆ ಎರಡೆರಡು ಅಡಿ ಉಳಿಯುತ್ತದೆ. ಊಟದ ಮೇಜಿನ ಕೆಳಗಾದರೆ ಮೇಜಿನ ಅಂಚಿನಿಂದ ಪ್ರತಿ ಬದಿಗೂ ಎರಡು ಅಡಿ ಹೆಚ್ಚಿರಬೇಕು, ಇಲ್ಲವಾದರೆ ಕುರ್ಚಿ ಹಿಂದೆಳೆದಾಗ ಕಾಲು ಹಾಸಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. 3 ಅಡಿ, 5 ಅಡಿಯ ಮೇಜಿಗೆ ಕನಿಷ್ಠ 7 ಅಡಿ, 9 ಅಡಿ ಬೇಕಾಗುವುದರಿಂದ ಸಿದ್ಧ ಅಳತೆಗಳಲ್ಲಿ 8 ಅಡಿ, 10 ಅಡಿಯದೇ ಹೊಂದುತ್ತದೆ. ಅಮೆರಿಕಕ್ಕೆ ಸರಕು ಕಳುಹಿಸುವ ತಯಾರಕರಿಗೆ 5 x 8, 8 x 10 ಹಾಗೂ 9 x 12 ಅಡಿಗಳು ಪ್ರಮಾಣಿತ ಅಳತೆಗಳು. ಬಾಗಿಲಿನ ರೆಕ್ಕೆ ಹಾಸಿನ ಮೇಲೆ ತಡೆಯಿಲ್ಲದೆ ಸರಿಯುವುದೇ ಎಂಬುದನ್ನು ಅಳೆಯಲು ಗ್ರಾಹಕನಿಗೆ ಮೊದಲೇ ಹೇಳಿದರೆ ಒಂದು ದೂರು ಕಡಿಮೆಯಾಗುತ್ತದೆ.

ಅಡಿಪದರ, ನೆಲ, ಮರಳು, ಉಪ್ಪು

ಹಾಸಿನ ಮೇಲ್ಮೈಯನ್ನು ಮಾತ್ರ ನೋಡಿ ಕೊಳ್ಳುವ ಗ್ರಾಹಕನಿಗೆ ವರ್ತಕನು ಅದನ್ನು ತಿರುಗಿಸಿ ತೋರಿಸಬೇಕು. ಕರಾವಳಿಯಲ್ಲಿ ಕೇಡು ಆರಂಭವಾಗುವುದು ಕೆಳಗಿನಿಂದ. ಮಳೆಗಾಲದ ಬೆಚ್ಚನೆಯ ತೇವಗಾಳಿ ತಣ್ಣನೆಯ ಟೈಲ್ಸ್ ನೆಲಕ್ಕೆ ತಾಗಿದಾಗ ಸಣ್ಣ ಹನಿಗಳು ಮೂಡುತ್ತವೆ. ನೆಲ ಬೆವರುವುದೆಂದು ಜನ ಹೇಳುವುದು ಇದನ್ನೇ. ಹಾಸಿನ ಹಿಂಬದಿಗೆ ರಬ್ಬರ್ ಅಥವಾ ಪಿ.ವಿ.ಸಿ. ಪದರ ಪೂರ್ತಿಯಾಗಿ ಬಳಿದಿದ್ದರೆ ಈ ತೇವ ಹೊರಹೋಗಲು ದಾರಿಯಿರುವುದಿಲ್ಲ. ಸೆಖೆಗೆ ಲ್ಯಾಟೆಕ್ಸ್ ಪದರ ಮೆತ್ತಗಾಗಿ ನೆಲಕ್ಕೆ ಅಂಟುವುದೂ, ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರುವುದೂ ಉಂಟು. ನಯವಾದ ನೆಲದಲ್ಲಿ ಹಾಸು ಜಾರದಂತೆ ತಡೆಯುವುದು ಅವಶ್ಯವೇ. ಅದಕ್ಕೆ ಬಲೆಯಂತೆ ಕಣ್ಣುಗಳಿರುವ ಪ್ರತ್ಯೇಕ ಅಡಿಹಾಸು ಉತ್ತಮ. ಗಾಳಿಯೂ ಆಡುತ್ತದೆ, ಕಾಲೂ ಜಾರದು.

ಇನ್ನೊಂದು ಕಾರಣ ನಮ್ಮ ಗೃಹಕೃತ್ಯದಲ್ಲೇ ಇದೆ. ಪ್ರತಿದಿನ ಬೆಳಗ್ಗೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ನೆಲ ಆರುವ ಮೊದಲೇ ಹಾಸನ್ನು ಮತ್ತೆ ಹರಡುವುದು ಸರ್ವೇಸಾಮಾನ್ಯ. ಅರ್ಧ ಗಂಟೆ ತಡೆದು ಹರಡಿದರೆ ಹಾಸಿನ ಆಯುಸ್ಸು ಹೆಚ್ಚುತ್ತದೆ. ಖರ್ಚಿಲ್ಲದ ಈ ಸಲಹೆಯನ್ನು ಮಾರಾಟದ ಸಮಯದಲ್ಲಿ ಹೇಳುವವರು ವಿರಳ.

ಕಡಲಿಗೆ ಹೋಗಿ ಬಂದವರ ಕಾಲಿನೊಂದಿಗೆ ಮರಳೂ ಉಪ್ಪೂ ಮನೆಯೊಳಗೆ ಬರುತ್ತವೆ. ಮರಳಿನ ಹರಳು ಪ್ರತಿ ತುಳಿತಕ್ಕೂ ಎಳೆಯನ್ನು ಗರಗಸದಂತೆ ಕೊಯ್ಯುತ್ತದೆ. ಉಪ್ಪು ಗಾಳಿಯ ತೇವವನ್ನು ಸೆಳೆದು ಹಾಸನ್ನು ಸದಾ ಹಸಿಯಾಗಿಡುತ್ತದೆ. ಸಮುದ್ರದ ನೀರು ಬಿದ್ದ ಹಾಸನ್ನು ಸುಮ್ಮನೆ ಒಣಗಿಸಿದರೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮರುದಿನ ಮತ್ತೆ ಅದೇ ಹಸಿ. ಒಗೆಯಬಹುದಾದ ಹಾಸಾದರೆ ಸಿಹಿನೀರಿನಲ್ಲಿ ಜಾಲಿಸಿಯೇ ಒಣಗಿಸಬೇಕು. ಹೊಸಿಲಿನಲ್ಲಿ ಎರಡು ಹೆಜ್ಜೆಯಷ್ಟು ಉದ್ದದ ತೆಂಗಿನ ನಾರಿನ ಕಾಲೊರಸು, ಒಳಗೆ ಹತ್ತಿಯ ಜಮಖಾನ — ಇವೆರಡನ್ನೂ ಜೊತೆಯಾಗಿ ಮಾರಿದರೆ ಒಂದು ಇನ್ನೊಂದನ್ನು ಕಾಯುತ್ತದೆ, ಬಿಲ್ಲಿನ ಮೊತ್ತವೂ ಏರುತ್ತದೆ.

ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುವುದೆಂಬ ಗಾದೆ ತುಳುನಾಡಿನಲ್ಲಿದೆ. ಜುಲೈ-ಆಗಸ್ಟ್‌ನ ಮಳೆಯ ನಡುವೆ ಬೀಳುವ ಆ ಚುರುಕು ಬಿಸಿಲನ್ನು ಹಾಸು ಒಣಗಿಸಲು ಬಿಡದೆ ಬಳಸಿಕೊಳ್ಳಬೇಕು.

ಗೋದಾಮಿನಲ್ಲಿ

ಗ್ರಾಹಕನ ಮನೆ ಸೇರುವ ಮೊದಲೇ ಗೋದಾಮಿನಲ್ಲಿ ಹಾಳಾಗುವ ಸರಕೂ ಇದೆ. ಹಾಸುಗಳನ್ನು ಮಡಿಸದೆ ಸುರುಳಿ ಸುತ್ತಬೇಕು. ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ತೇವ ಹೀರಿದ ಹಾಸನ್ನು ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಮುಚ್ಚುವುದೆಂದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಸೆಣಬಿನ ಸರಕನ್ನು ಮಳೆ ಕಳೆದ ಮೇಲೆ, ನವರಾತ್ರಿ-ದೀಪಾವಳಿಯ ಬೇಡಿಕೆಗೆ ತಕ್ಕಷ್ಟೇ ತರಿಸಿ ಮುಂದಿನ ಮೇ ತಿಂಗಳೊಳಗೆ ಬರಿದು ಮಾಡುವುದು ಕರಾವಳಿಯ ಅಂಗಡಿಗೆ ಒಪ್ಪುವ ಕ್ರಮ. ತೂಕದ ಮೇಲೆ ಖರೀದಿಸುವವರು ಒಂದು ವಿಷಯವನ್ನು ನೆನಪಿಡಬೇಕು. ಮಳೆಗಾಲದಲ್ಲಿ ಕೊಂಡ ಸೆಣಬಿನಲ್ಲಿ ನೀರಿನ ತೂಕಕ್ಕೂ ಹಣ ತೆತ್ತಿರುತ್ತಾರೆ.

ಕಾನೂನು ಮತ್ತು ಒಂದು ಚೀಟಿ

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಉತ್ಪನ್ನದ ಹೊಣೆಗಾರಿಕೆ ಎಂಬ ಪರಿಕಲ್ಪನೆ ನಮ್ಮಲ್ಲಿ ಸ್ಪಷ್ಟ ರೂಪ ಪಡೆದಿದೆ. ವಸ್ತುವಿನಲ್ಲಿನ ದೋಷ ಮಾತ್ರವಲ್ಲದೆ, ಸರಿಯಾದ ಬಳಕೆಯ ಸೂಚನೆ ಅಥವಾ ಅಪಾಯದ ಎಚ್ಚರಿಕೆ ನೀಡದಿರುವುದೂ ತಯಾರಕನ ಹೊಣೆಗೆ ಕಾರಣವಾಗಬಹುದು. ಕೆಲವು ಸಂದರ್ಭಗಳಲ್ಲಿ ಮಾರಾಟಗಾರನೂ ಹೊಣೆಯಾಗುತ್ತಾನೆ. ಜಾರುವ ಹಾಸಿನಿಂದ ವೃದ್ಧರೊಬ್ಬರು ಬಿದ್ದರೆ ಈ ಮಾತಿನ ತೂಕ ಅರಿವಾಗುತ್ತದೆ. ಆದ್ದರಿಂದ ಪ್ರತಿ ಹಾಸಿನೊಂದಿಗೆ ಕನ್ನಡದಲ್ಲಿ ಮುದ್ರಿಸಿದ ಅಂಗೈಯಗಲದ ಒಂದು ಚೀಟಿಯಿರುವುದು ಅಪೇಕ್ಷಣೀಯ. ಅದರಲ್ಲಿರಬೇಕಾದ ಅಂಶಗಳು ಇಷ್ಟೇ:

1. ನಾರು ಯಾವುದು, ಮಿಶ್ರಣವಾದರೆ ಯಾವ ಪ್ರಮಾಣದಲ್ಲಿ.
2. ಒಗೆಯಬಹುದೇ, ಬೇಡವೇ.
3. ತೆರೆದ ಜಗಲಿಗೆ ಯೋಗ್ಯವೇ, ಒಳಗಷ್ಟೇ ಬಳಸತಕ್ಕದ್ದೇ.
4. ನಯವಾದ ನೆಲಕ್ಕೆ ಜಾರದ ಅಡಿಹಾಸು ಅಗತ್ಯ ಎಂಬ ಎಚ್ಚರಿಕೆ.
5. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ, ನೆಲ ಆರಿದ ಮೇಲೆ ಹರಡಬೇಕೆಂಬ ಸೂಚನೆ.

ತೆರಿಗೆಯ ದೃಷ್ಟಿಯಿಂದ ನೆಲಹಾಸುಗಳು ಸುಂಕ ವರ್ಗೀಕರಣದ 57ನೇ ಅಧ್ಯಾಯಕ್ಕೆ ಸೇರುತ್ತವೆ. ಗಂಟು ಹಾಕಿದ್ದು, ನೇಯ್ದದ್ದು, ಟಫ್ಟ್ ಮಾಡಿದ್ದು ಎಂದು ಅದರಲ್ಲಿ ಪ್ರತ್ಯೇಕ ಶೀರ್ಷಿಕೆಗಳಿವೆ. ಬಿಲ್ಲಿನಲ್ಲಿ ಸರಿಯಾದ ಸಂಕೇತ ನಮೂದಾಗಿರುವುದನ್ನು ಲೆಕ್ಕ ಪರಿಶೋಧಕರ ಮೂಲಕ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಸಣ್ಣ ಉತ್ಪಾದಕರಿಗೆ ಅವಕಾಶ

ಭಾರತದ ಕೈಮಗ್ಗದ ಹಾಸುಗಳಿಗೆ ಅಮೆರಿಕವೇ ಅತಿ ದೊಡ್ಡ ಮಾರುಕಟ್ಟೆಯಾಗಿ ಬೆಳೆದಿದೆ. 2025ರ ಆಗಸ್ಟ್‌ನಲ್ಲಿ ಆ ದೇಶವು ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಭದೋಹಿ, ಪಾಣಿಪತ್ತುಗಳ ಮಗ್ಗಗಳು ಒಮ್ಮೆಲೇ ತತ್ತರಿಸಿದವು. ಒಂದೇ ಮಾರುಕಟ್ಟೆಯನ್ನು ನೆಚ್ಚಿಕೊಂಡ ಉದ್ದಿಮೆಯ ಸ್ಥಿತಿ ಏನಾಗಬಹುದೆಂಬುದಕ್ಕೆ ಇದು ಪಾಠ. ದೇಶದೊಳಗಿನ ಕರಾವಳಿಯ ಬೇಡಿಕೆಯಾದರೋ ಸದ್ದಿಲ್ಲದೆ ಬೆಳೆಯುತ್ತಿದೆ. 2020ರಲ್ಲಿ ಹೊನ್ನಾವರದ ಕಾಸರಕೋಡು ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಗೋಕರ್ಣ, ಮುರುಡೇಶ್ವರ, ಮಲ್ಪೆ, ಕಾಪುಗಳ ಸುತ್ತಮುತ್ತ ತಂಗುಮನೆಗಳು ತಲೆಯೆತ್ತಿವೆ. ಪ್ರತಿ ವಾರ ಹೊಸ ಅತಿಥಿಗಳ ಮರಳುಗಾಲು ತುಳಿಯುವ ಈ ಕೋಣೆಗಳಿಗೆ ಬೇಗ ಒಣಗುವ, ಸುಲಭವಾಗಿ ತೊಳೆಯಬಹುದಾದ, ಚಂದವಾದ ಹಾಸು ಬೇಕು.

ತುಮಕೂರು, ಹಾಸನದ ನಾರು, ನವಲಗುಂದದ ಮಗ್ಗ, ಮಂಗಳೂರಿನ ವರ್ತಕ — ಈ ಮೂರೂ ಒಂದೇ ರಾಜ್ಯದಲ್ಲಿವೆ. ನಡುವಣ ಘಟ್ಟವನ್ನು ದಾಟಿ ಅವು ಪರಸ್ಪರ ಸಂಧಿಸುವುದು ಮಾತ್ರ ವಿರಳ. ಕಾಲೊರಸಿನಾಚೆಗೆ ನಯವಾದ ಹುರಿಯ ಹಾಸನ್ನು ನೇಯಲು ನಾರಿನ ಘಟಕಗಳು ಕಲಿತರೆ, ನಾಲ್ಕಡಿ-ಆರಡಿಯ ತೊಳೆಯಬಹುದಾದ ಜಮಖಾನಕ್ಕೆ ಕರಾವಳಿಯ ಅಂಗಡಿಗಳು ನಿಯಮಿತ ಬೇಡಿಕೆ ಸಲ್ಲಿಸಿದರೆ ಎರಡೂ ಕಡೆಯ ಕೈಗಳಿಗೆ ಕೆಲಸ ದೊರೆತೀತು.

ಅಲ್ಲಿಯವರೆಗೆ ವರ್ತಕನು ಮಾಡಬಹುದಾದದ್ದು ಒಂದಿದೆ. ನೆಲಹಾಸು ಕೇಳಿಕೊಂಡು ಬಂದ ಗ್ರಾಹಕನಿಗೆ ಯಾವ ಬಣ್ಣ ಬೇಕೆಂದು ಕೇಳುವ ಮುನ್ನ, ಅವನ ಮನೆ ಕಡಲಿಗೆ ಎಷ್ಟು ದೂರ, ಆ ಕೋಣೆಗೆ ಬಿಸಿಲು ಬೀಳುತ್ತದೆಯೇ, ಮಳೆಗಾಲದಲ್ಲಿ ಮನೆ ತೆರೆದಿರುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಉತ್ತರ ಸಿಕ್ಕ ಮೇಲೆ ನಾರು ತಾನಾಗಿಯೇ ನಿಶ್ಚಯವಾಗುತ್ತದೆ. ಬಣ್ಣವನ್ನು ಆರಿಸುವ ಕೆಲಸವನ್ನು ಗ್ರಾಹಕನಿಗೇ ಬಿಡಬಹುದು.